ಶೇ 40ರ ಗೆರೆ: ವಿಕಲಚೇತನರ ಪರವಾಗಿ ಎಲ್ಲಿ, ಏನನ್ನು, ಹೇಗೆ ಕೇಳಬೇಕು?

ಮನೆಯಲ್ಲಿ ಒಬ್ಬರಿಗೆ ಅಂಗವೈಕಲ್ಯ ಇದೆ ಎಂದು ಗೊತ್ತಾದ ದಿನದಿಂದ ಸಲಹೆಗಳಿಗೇನೂ ಬರ ಇರುವುದಿಲ್ಲ. ‘ಮೊದಲು ಕಾರ್ಡ್ ಮಾಡಿಸಿ’ ಎನ್ನುತ್ತಾರೆ ಪಕ್ಕದ ಮನೆಯವರು. ‘ಪಿಂಚಣಿ ಬರುತ್ತೆ, ಹಾಕಿ’ ಎನ್ನುತ್ತಾರೆ ನೆಂಟರು. ‘ನಮ್ಮಲ್ಲಿ ಇಂಥ ಮಕ್ಕಳಿಗೆ ವ್ಯವಸ್ಥೆ ಇಲ್ಲ’ ಎನ್ನುತ್ತದೆ ಶಾಲೆ. ಇದರಲ್ಲಿ ಯಾವುದು ನಿಜ, ಯಾವುದಕ್ಕೆ ಯಾವ ಕಚೇರಿ, ಇಲ್ಲ ಎಂದರೆ ಮುಂದೇನು ಎಂಬುದನ್ನು ಒಂದೇ ಕಡೆ ಹೇಳುವವರು ಮಾತ್ರ ಸಿಗುವುದಿಲ್ಲ.

ಈಗ ಈ ವಿಷಯ ತುರ್ತಾಗಿರುವುದಕ್ಕೆ ಕಾರಣವಿದೆ. 2023ರ ಏಪ್ರಿಲ್ 1ರಿಂದ ಕೇಂದ್ರ ಸರ್ಕಾರದ ಅಂಗವಿಕಲರ ಯೋಜನೆಗಳಿಗೆ ಯುಡಿಐಡಿ, ಅಂದರೆ ಅಂಗವಿಕಲರ ವಿಶಿಷ್ಟ ಗುರುತಿನ ಸಂಖ್ಯೆ ಕಡ್ಡಾಯವಾಯಿತು. 2024ರ ಅಕ್ಟೋಬರ್‌ನಲ್ಲಿ ಪ್ರಮಾಣಪತ್ರ ಕೊಡುವ ನಿಯಮಗಳೂ ಬದಲಾದವು. ವರ್ಷಗಳ ಹಿಂದೆ ಮಾಡಿಸಿದ ಕೈಬರಹದ ಗುರುತಿನ ಚೀಟಿಯನ್ನು ಬೀರುವಿನಲ್ಲಿ ಜೋಪಾನವಾಗಿ ಇಟ್ಟುಕೊಂಡವರು ‘ಇದು ನಡೆಯಲ್ಲ’ ಎಂಬ ಮಾತು ಕೇಳಿ ವಾಪಸಾಗುತ್ತಿದ್ದಾರೆ. 2011ರ ಜನಗಣತಿಯ ಪ್ರಕಾರವೇ ಕರ್ನಾಟಕದಲ್ಲಿ 13.24 ಲಕ್ಷ ಅಂಗವಿಕಲರಿದ್ದರು. ಆಗ ಲೆಕ್ಕಕ್ಕೆ ಹಿಡಿದ ಅಂಗವೈಕಲ್ಯದ ಬಗೆಗಳು ಇಂದಿನ ಕಾನೂನಿನ ಪಟ್ಟಿಗಿಂತ ತೀರಾ ಕಡಿಮೆ.

ಹೆಸರುಗಳ ಗೊಂದಲ

ಕರ್ನಾಟಕ ಸರ್ಕಾರದ ಕಾಗದಗಳಲ್ಲಿ ‘ವಿಕಲಚೇತನ’, ಕೇಂದ್ರದ ಹಿಂದಿ ಮೂಲದ ಪ್ರಕಟಣೆಗಳಲ್ಲಿ ‘ದಿವ್ಯಾಂಗ’, ಜನರ ಬಾಯಲ್ಲಿ ‘ಅಂಗವಿಕಲ’, ವೇದಿಕೆಗಳಲ್ಲಿ ‘ವಿಶೇಷ ಚೇತನ’. ಎಲ್ಲದರ ಅರ್ಥವೂ ಒಂದೇ. ಯಾವ ಪದ ಬಳಸಿದರೂ ಅರ್ಜಿ ತಿರಸ್ಕಾರವಾಗುವುದಿಲ್ಲ. ಆದರೆ ಪತ್ರದಲ್ಲಿ ಕಾನೂನಿನ ಹೆಸರನ್ನು ಮಾತ್ರ ಸರಿಯಾಗಿ ಬರೆಯಬೇಕು: ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016. ಇದು 2017ರ ಏಪ್ರಿಲ್ 19ರಂದು ಜಾರಿಗೆ ಬಂತು. ಅದಕ್ಕೂ ಹಿಂದಿನ 1995ರ ಕಾನೂನಿನಲ್ಲಿ ಏಳು ಬಗೆಯ ಅಂಗವೈಕಲ್ಯಗಳಷ್ಟೇ ಇದ್ದವು, ಈಗ 21. ಆಟಿಸಂ, ಕಲಿಕಾ ನ್ಯೂನತೆ, ಪಾರ್ಕಿನ್ಸನ್ ಕಾಯಿಲೆ, ತಲಸ್ಸೇಮಿಯಾ, ಹಿಮೊಫಿಲಿಯಾ, ಸಿಕಲ್ ಸೆಲ್ ಕಾಯಿಲೆ, ಕುಬ್ಜತೆ, ಆಸಿಡ್ ದಾಳಿಯಿಂದಾದ ವಿರೂಪ ಇವೆಲ್ಲ ಹೊಸದಾಗಿ ಸೇರಿದವು. ‘ಕೈಕಾಲು ಚೆನ್ನಾಗೇ ಇದೆಯಲ್ಲ, ನಿಮಗೆಲ್ಲಿ ಬರುತ್ತೆ’ ಎಂಬ ಕೌಂಟರಿನ ಮಾತಿಗೆ ಈ ಪಟ್ಟಿಯೇ ಉತ್ತರ.

ಸವಲತ್ತು ಬೇರೆ, ಹಕ್ಕು ಬೇರೆ

ಇಡೀ ವಿಷಯದಲ್ಲಿ ಅತಿ ಹೆಚ್ಚು ಜನ ಎಡವುವುದು ಇಲ್ಲಿ. ಪಿಂಚಣಿ, ಮೀಸಲಾತಿ, ತೆರಿಗೆ ವಿನಾಯಿತಿ ಇವೆಲ್ಲ ಸವಲತ್ತುಗಳು. ಇವಕ್ಕೆ ಸಾಮಾನ್ಯವಾಗಿ ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇದೆಯೆಂದು ಪ್ರಮಾಣಪತ್ರ ಹೇಳಬೇಕು. ಕಾನೂನಿನ ಭಾಷೆಯಲ್ಲಿ ಇದು ‘ಬೆಂಚ್‌ಮಾರ್ಕ್’ ಅಂಗವೈಕಲ್ಯ, ಅಂದರೆ ಗೆರೆ ದಾಟಿದ ಅಂಗವೈಕಲ್ಯ.

ತಾರತಮ್ಯ ಮಾಡಬಾರದು, ಸಮಂಜಸ ಹೊಂದಾಣಿಕೆ ಮಾಡಿಕೊಡಬೇಕು ಎಂಬವು ಹಕ್ಕುಗಳು. ಇವಕ್ಕೆ ಶೇ 40ರ ಗೆರೆ ಇಲ್ಲ. ಸಮಂಜಸ ಹೊಂದಾಣಿಕೆ ಎಂದರೆ ಆ ವ್ಯಕ್ತಿ ಉಳಿದವರಂತೆಯೇ ಓದಲು, ದುಡಿಯಲು, ಓಡಾಡಲು ಬೇಕಾದ ಬದಲಾವಣೆಯನ್ನು ಸಂಸ್ಥೆ ಮಾಡಿಕೊಡುವುದು. ಅದು ಸಂಸ್ಥೆಯ ಮೇಲೆ ಅತಿಯಾದ ಹೊರೆ ಆಗಬಾರದು ಎಂಬುದಷ್ಟೇ ಮಿತಿ. ವೀಲ್‌ಚೇರ್ ಬಳಸುವ ಹುಡುಗನ ತರಗತಿಯನ್ನು ಎರಡನೇ ಮಹಡಿಯಿಂದ ನೆಲಮಹಡಿಗೆ ತರುವುದು ಹೊಂದಾಣಿಕೆ. ಅದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ, ವೇಳಾಪಟ್ಟಿ ತಿದ್ದುವ ಮನಸ್ಸು ಬೇಕು ಅಷ್ಟೆ.

ಈ ವ್ಯತ್ಯಾಸವನ್ನು ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲಿ ವಿಕಾಸ್ ಕುಮಾರ್ ವಿರುದ್ಧ ಯುಪಿಎಸ್‌ಸಿ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ವಿಕಾಸ್ ಕುಮಾರ್ ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ ಇದ್ದ ಅಭ್ಯರ್ಥಿ. ಗೆರೆ ದಾಟಿದ ಅಂಗವೈಕಲ್ಯ ಇಲ್ಲ ಎಂಬ ಕಾರಣಕ್ಕೆ, ಅಭ್ಯರ್ಥಿ ಹೇಳಿದ ಉತ್ತರವನ್ನು ಬರೆದುಕೊಡುವ ಬರಹಗಾರರ ಸಹಾಯ ನಿರಾಕರಿಸುವಂತಿಲ್ಲ ಎಂದು ಕೋರ್ಟ್ ಹೇಳಿತು. ಇದರ ಬೆನ್ನಿಗೇ 2022ರ ಆಗಸ್ಟ್‌ನಲ್ಲಿ ಶೇ 40ಕ್ಕಿಂತ ಕಡಿಮೆ ಇರುವ, ಆದರೆ ಬರೆಯಲು ಕಷ್ಟಪಡುವವರಿಗಾಗಿ ಕೇಂದ್ರ ಸರ್ಕಾರ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿತು. ಆದ್ದರಿಂದ ಶೇ 35 ಬಂದ ಪ್ರಮಾಣಪತ್ರವನ್ನು ಹರಿದು ಎಸೆಯಬೇಡಿ. ಪಿಂಚಣಿಗೆ ಅದು ಸಾಲದು, ಪರೀಕ್ಷಾ ಕೊಠಡಿಯಲ್ಲಿ ಅದಕ್ಕೆ ಬೆಲೆ ಇದೆ.

ಶೇಕಡಾ ಲೆಕ್ಕ ಹೇಗೆ ಹಾಕುತ್ತಾರೆ?

ವೈದ್ಯರು ಕಣ್ಣಂದಾಜಿನಲ್ಲಿ ಸಂಖ್ಯೆ ಬರೆಯುವುದಿಲ್ಲ, ಬರೆಯಲೂಬಾರದು. ಪ್ರತಿ ಬಗೆಗೂ ಕೇಂದ್ರದ ಮಾರ್ಗಸೂಚಿಯಲ್ಲಿ ಅಳತೆ ಇದೆ. ದೃಷ್ಟಿಗೆ ಕನ್ನಡಕ ಹಾಕಿದ ಮೇಲೆ ಎರಡು ಕಣ್ಣಲ್ಲಿ ಚೆನ್ನಾಗಿರುವ ಕಣ್ಣು ಎಷ್ಟು ನೋಡುತ್ತದೆ ಎಂಬುದೇ ಮುಖ್ಯ ಆಧಾರ. ಶ್ರವಣಕ್ಕೆ ಆಡಿಯೊಮೆಟ್ರಿ, ಚಿಕ್ಕ ಮಕ್ಕಳಿಗೆ ಬೆರಾ ಪರೀಕ್ಷೆ. ಎರಡೂ ಕಿವಿಯಲ್ಲಿ 70 ಡೆಸಿಬಲ್ ನಷ್ಟವಾದವರು ಕಾನೂನಿನ ಪ್ರಕಾರ ಕಿವುಡರು, 60ರಿಂದ 70 ಡೆಸಿಬಲ್ ಇದ್ದರೆ ಮಂದಶ್ರವಣದವರು. ಆಟಿಸಂಗೆ ‘ಇಸಾ’, ಮಾನಸಿಕ ಕಾಯಿಲೆಗೆ ‘ಐಡಿಯಾಸ್’ ಎಂಬ ಮಾಪಕಗಳಿವೆ. ಕಲಿಕಾ ನ್ಯೂನತೆಗೆ ದೇಶವೆಲ್ಲ ಬಳಸುವುದು ನಮ್ಮ ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಪರೀಕ್ಷೆಗಳ ಗುಚ್ಛವನ್ನು. ಮಗುವಿಗೆ ಎಂಟು ವರ್ಷ ತುಂಬಿದ ಮೇಲೆ, ಅಂದರೆ ಹೆಚ್ಚುಕಡಿಮೆ ಮೂರನೇ ತರಗತಿಯ ಹೊತ್ತಿಗೆ ಅದನ್ನು ಮಾಡಿಸುತ್ತಾರೆ.

ಇಲ್ಲಿ ಹಲವರಿಗೆ ಆಘಾತ ಕೊಡುವ ಸಂಗತಿ ಒಂದು ಕಣ್ಣು ಪೂರ್ತಿ ಕಾಣದವರದು. ಇನ್ನೊಂದು ಕಣ್ಣು ಸರಿಯಾಗಿದ್ದರೆ ಅವರಿಗೆ ಸಿಗುವುದು ಶೇ 30. ಗೆರೆ ದಾಟುವುದಿಲ್ಲ. ಇದು ವೈದ್ಯರ ಹಟವಲ್ಲ, ಮಾರ್ಗಸೂಚಿಯಲ್ಲಿ ಹಾಗೇ ಇದೆ. ಜಗಳ ಮಾಡಿ ಪ್ರಯೋಜನವಿಲ್ಲ.

ಎರಡು ಬಗೆಯ ಅಂಗವೈಕಲ್ಯ ಇದ್ದರೆ ಸಂಖ್ಯೆಗಳನ್ನು ನೇರವಾಗಿ ಕೂಡಿಸುವುದಿಲ್ಲ. ಆಷಾಢದ ಸೇಲಿನಲ್ಲಿ ಶೇ 30 ಕಡಿತ, ಅದರ ಮೇಲೆ ಮತ್ತೆ ಶೇ 20 ಎಂದು ಬೋರ್ಡ್ ಹಾಕಿರುತ್ತಾರಲ್ಲ, ಸೀರೆ ಅರ್ಧ ಬೆಲೆಗೆ ಬಂತೇ? ಇಲ್ಲ. ಎರಡನೆಯ ಕಡಿತ ಉಳಿದ ಬೆಲೆಯ ಮೇಲೆ ಮಾತ್ರ. ಇಲ್ಲೂ ಹೆಚ್ಚುಕಡಿಮೆ ಅದೇ ರೀತಿ. 90ರಿಂದ ದೊಡ್ಡ ಸಂಖ್ಯೆಯನ್ನು ಕಳೆದು, ಉಳಿದದ್ದನ್ನು ಚಿಕ್ಕ ಸಂಖ್ಯೆಯಿಂದ ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನು ದೊಡ್ಡ ಸಂಖ್ಯೆಗೆ ಕೂಡಿಸುತ್ತಾರೆ. ಕಣ್ಣಿಗೆ 30, ಕಾಲಿಗೆ 20 ಇದ್ದರೆ ಕಾಲಿನ ಪಾಲು 13.3, ಒಟ್ಟು 43.3. ಐವತ್ತಲ್ಲ, ಆದರೆ ಗೆರೆ ದಾಟಿತು. ಒಂದು ಕಣ್ಣು ಕಾಣದವರಿಗೆ ಕಾಲಿನದೋ ಕಿವಿಯದೋ ತೊಂದರೆ ಇದ್ದರೆ ಅದನ್ನೂ ಅರ್ಜಿಯಲ್ಲಿ ನಮೂದಿಸಿ ಎಂದು ಒತ್ತಿ ಹೇಳುವುದು ಇದಕ್ಕೇ. ಒಂದನ್ನೇ ಬರೆದರೆ ಒಂದನ್ನೇ ಅಳೆಯುತ್ತಾರೆ.

ಯುಡಿಐಡಿ: ಅರ್ಜಿಯಿಂದ ಕಾರ್ಡಿನವರೆಗೆ

ಯುಡಿಐಡಿ ಎಂದರೆ ಅಂಗವಿಕಲರ ವಿಶಿಷ್ಟ ಗುರುತಿನ ಸಂಖ್ಯೆ. ಅಕ್ಷರ ಮತ್ತು ಅಂಕಿ ಸೇರಿ ಒಟ್ಟು 18. ಪ್ರಮಾಣಪತ್ರ ಮತ್ತು ಕಾರ್ಡ್ ಎರಡಕ್ಕೂ ಒಂದೇ ಅರ್ಜಿ. ಕೇಂದ್ರದ ಸ್ವಾವಲಂಬನ್ ಕಾರ್ಡ್ ಪೋರ್ಟಲ್‌ನಲ್ಲಿ ಸಲ್ಲಿಸಬೇಕು. ಅರ್ಜಿಗೆ ಸರ್ಕಾರಿ ಶುಲ್ಕ ಇಲ್ಲ. ಸೈಬರ್ ಸೆಂಟರ್‌ನವರು ತಮ್ಮ ಶ್ರಮಕ್ಕೆ ಕೇಳುವುದು ಬೇರೆ ಮಾತು.

ಕೂರುವ ಮುಂಚೆ ಕೈಯಲ್ಲಿರಬೇಕಾದವು: ಆಧಾರ್, ಇತ್ತೀಚಿನ ಭಾವಚಿತ್ರ, ವಿಳಾಸದ ದಾಖಲೆ, ಸಹಿ ಅಥವಾ ಹೆಬ್ಬೆಟ್ಟಿನ ಗುರುತಿನ ಚಿತ್ರ, ಹಳೆಯ ಪ್ರಮಾಣಪತ್ರ ಇದ್ದರೆ ಅದರ ಸ್ಕ್ಯಾನ್, ಮತ್ತು ಒಟಿಪಿ ಬರುವ ಮೊಬೈಲ್. ಮೊಬೈಲ್ ನಿಮ್ಮ ಮನೆಯದೇ ಆಗಿರಲಿ. ಸೆಂಟರ್‌ನವರ ನಂಬರ್ ಕೊಟ್ಟರೆ ಮುಂದಿನ ಪ್ರತಿ ಸಂದೇಶವೂ ಅವರಿಗೇ ಹೋಗುತ್ತದೆ, ಅಂಗವೈಕಲ್ಯ ಅಳೆಯುವ ವೈದ್ಯಕೀಯ ಬೋರ್ಡ್‌ನ ದಿನಾಂಕ ದಾಟಿದ್ದು ನಿಮಗೆ ಗೊತ್ತೇ ಆಗುವುದಿಲ್ಲ. ಮಕ್ಕಳ ಪರವಾಗಿ, ಸ್ವತಃ ಅರ್ಜಿ ಹಾಕಲಾಗದವರ ಪರವಾಗಿ ಪೋಷಕರು ಅಥವಾ ಕಾನೂನುಬದ್ಧ ಪಾಲಕರು ಅರ್ಜಿ ಹಾಕಬಹುದು.

ಹೆಸರು ಮತ್ತು ಜನ್ಮದಿನಾಂಕ ಆಧಾರ್‌ನಲ್ಲಿ ಇರುವಂತೆಯೇ ಇರಬೇಕು. ಶಾಲಾ ದಾಖಲೆಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಇದ್ದರೆ ಮೊದಲು ಅದನ್ನು ಸರಿಪಡಿಸಿ, ಆಮೇಲೆ ಅರ್ಜಿ ಹಾಕಿ. ಒಂದು ವಾರ ತಡವಾದರೂ ಪರವಾಗಿಲ್ಲ. ಕಾರ್ಡ್ ಬಂದ ಮೇಲೆ ಇನಿಷಿಯಲ್ ತಿದ್ದಿಸಲು ಹಿಡಿಯುವ ಕಾಲ ಅದಕ್ಕಿಂತ ಹೆಚ್ಚು.

ಮುಂದಿನದು ಆಸ್ಪತ್ರೆಯ ಆಯ್ಕೆ. ನೀವು ವಾಸವಿರುವ ಜಿಲ್ಲೆಯ ಆಸ್ಪತ್ರೆ, ಅಥವಾ ನೀವು ಚಿಕಿತ್ಸೆ ಪಡೆಯುತ್ತಿರುವ ಸರ್ಕಾರಿ ಆಸ್ಪತ್ರೆ. ಬಹಳ ಜನ ಹತ್ತಿರವೆಂದು ತಾಲ್ಲೂಕು ಆಸ್ಪತ್ರೆ ಆರಿಸುತ್ತಾರೆ. ಮೂಳೆ ತಜ್ಞರಿದ್ದರೆ ಕೈಕಾಲಿನ ತೊಂದರೆಗೆ ಅದು ಸಾಕು. ಆದರೆ ಬುದ್ಧಿ ಬೆಳವಣಿಗೆ, ಆಟಿಸಂ, ಮಾನಸಿಕ ಕಾಯಿಲೆಗೆ ಮನೋವೈದ್ಯರೂ ಕ್ಲಿನಿಕಲ್ ಸೈಕಾಲಜಿಸ್ಟರೂ ಬೇಕು, ಅವರು ಎಲ್ಲ ಕಡೆ ಇರುವುದಿಲ್ಲ. ಅರ್ಜಿ ಅಲ್ಲೇ ತಿಂಗಳುಗಟ್ಟಲೆ ಕೂರುತ್ತದೆ. ಆರಿಸುವ ಮೊದಲು ಆ ಆಸ್ಪತ್ರೆಗೆ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ: ಈ ಬಗೆಯ ಅಂಗವೈಕಲ್ಯ ಅಳೆಯುವ ತಜ್ಞರು ನಿಮ್ಮಲ್ಲಿದ್ದಾರೆಯೇ? ವಾರದಲ್ಲಿ ಯಾವ ದಿನ ಬೋರ್ಡ್ ಕೂರುತ್ತದೆ? ಶ್ರವಣ ಮತ್ತು ಮಾತಿನ ತೊಂದರೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಮಾನಸಿಕ ಮತ್ತು ನರ ಸಂಬಂಧಿ ತೊಂದರೆಗಳಿಗೆ ನಿಮ್ಹಾನ್ಸ್ ಮತ್ತು ಧಾರವಾಡದ ಡಿಮ್ಹಾನ್ಸ್ ತಪಾಸಣೆಗೆ ಗಟ್ಟಿಯಾದ ಜಾಗಗಳು. ಅಲ್ಲಿನ ವರದಿ ಕೈಯಲ್ಲಿದ್ದರೆ ಜಿಲ್ಲಾ ಬೋರ್ಡ್‌ನ ಕೆಲಸವೂ ಹಗುರ.

ಬೋರ್ಡ್ ದಿನ ಮೂಲ ದಾಖಲೆ, ಹಳೆಯ ಎಕ್ಸ್-ರೇ, ಡಿಸ್ಚಾರ್ಜ್ ಸಮರಿ, ಔಷಧಿ ಚೀಟಿ ಎಲ್ಲವನ್ನೂ ಒಯ್ಯಿರಿ. ಶ್ರವಣಯಂತ್ರ, ಕಾಲಿಗೆ ಕಟ್ಟುವ ಕ್ಯಾಲಿಪರ್, ಕನ್ನಡಕ ಬಳಸುವವರು ಅದನ್ನೂ ಒಯ್ಯಬೇಕು. ಮಾನಸಿಕ ಕಾಯಿಲೆ ಅಥವಾ ಆಟಿಸಂ ಇರುವವರ ಜತೆ, ದಿನವೂ ಅವರನ್ನು ನೋಡಿಕೊಳ್ಳುವವರೇ ಹೋಗಬೇಕು. ಸ್ನಾನ, ಊಟ, ಹಣದ ವ್ಯವಹಾರ, ಒಬ್ಬರೇ ಹೊರಗೆ ಹೋಗುವುದು ಇವುಗಳ ಬಗ್ಗೆ ಪ್ರಶ್ನೆ ಕೇಳುತ್ತಾರೆ. ನಮ್ಮಲ್ಲಿ ಮನೆಯ ಮಾನ ಎಂದುಕೊಂಡು ‘ಎಲ್ಲಾ ಮಾಡ್ಕೋತಾನೆ ಸಾರ್’ ಎನ್ನುವವರು ಹೆಚ್ಚು. ಉಜ್ಜಿ ಸ್ನಾನ ಮಾಡಿಸುವುದು ತಾಯಿ ಎಂಬುದು ದಾಖಲಾಗದೆ ಶೇಕಡಾ ಇಳಿಯುತ್ತದೆ. ಹೆಚ್ಚಿಸಿ ಹೇಳಬೇಕಾಗಿಲ್ಲ, ಇದ್ದದ್ದನ್ನು ಇದ್ದಂತೆ ಹೇಳಿದರೆ ಸಾಕು. ಸುಳ್ಳು ಹೇಳಿ ಸವಲತ್ತು ಪಡೆದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

2024ರ ತಿದ್ದುಪಡಿಯ ಪ್ರಕಾರ ಪ್ರಮಾಣಪತ್ರ ಕೊಡಲು ಮೂರು ತಿಂಗಳ ಗಡುವು ಇದೆ. ಮೊದಲು ಒಂದು ತಿಂಗಳಿತ್ತು. ಕಾರ್ಡಿನ ಬಣ್ಣವೇ ಈಗ ಪ್ರಮಾಣ ಹೇಳುತ್ತದೆ: ಶೇ 40ಕ್ಕಿಂತ ಕಡಿಮೆಗೆ ಬಿಳಿ, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲ್ಪಟ್ಟು ನೀಲಿ. ಪ್ಲಾಸ್ಟಿಕ್ ಕಾರ್ಡ್ ಅಂಚೆಯಲ್ಲಿ ಬರುವವರೆಗೆ ಕಾಯುತ್ತ ಕೂರಬೇಡಿ. ಸಂಖ್ಯೆ ಸಿಕ್ಕ ಕೂಡಲೇ ಪೋರ್ಟಲ್‌ನಿಂದ ಇ-ಕಾರ್ಡ್ ಮತ್ತು ಪ್ರಮಾಣಪತ್ರ ಇಳಿಸಿಕೊಳ್ಳಬಹುದು.

ಪ್ರಮಾಣಪತ್ರದ ಮೇಲೆ ‘ಶಾಶ್ವತ’ ಎಂದಿದೆಯೋ ‘ತಾತ್ಕಾಲಿಕ’ ಎಂದಿದೆಯೋ ನೋಡಿಕೊಳ್ಳಿ. ಮುಂದೆ ಸ್ಥಿತಿ ಬದಲಾಗಬಹುದು ಎನಿಸಿದರೆ ಅವಧಿ ಹಾಕಿ ಕೊಡುತ್ತಾರೆ. ಮಕ್ಕಳಿಗೆ ಹಾಗೆ ಕೊಡುವುದೇ ಹೆಚ್ಚು. ಅವಧಿ ಮುಗಿಯುವ ಮೂರ್ನಾಲ್ಕು ತಿಂಗಳ ಮುಂಚೆ ನವೀಕರಣಕ್ಕೆ ಹಾಕದಿದ್ದರೆ ಪಿಂಚಣಿ ನಿಂತ ಮೇಲಷ್ಟೇ ಎಚ್ಚರವಾಗುತ್ತದೆ.

ಈ ಪ್ರಮಾಣಪತ್ರ ದೇಶದ ಎಲ್ಲೆಡೆ ಸಲ್ಲುತ್ತದೆ ಎಂದು ಕಾನೂನಿನ 58ನೇ ಕಲಂ ಹೇಳುತ್ತದೆ. ಬೀದರ್‌ನಲ್ಲಿ ಪಡೆದದ್ದು ಮುಂಬೈಯಲ್ಲೂ ನಡೆಯಬೇಕು. ರಾಜ್ಯದ ಪಿಂಚಣಿಯಂಥವಕ್ಕೆ ಮಾತ್ರ ಆಯಾ ರಾಜ್ಯದ ವಾಸದ ಷರತ್ತು ಬೇರೆ ಇರುತ್ತದೆ.

ಸಂಖ್ಯೆ ಕಡಿಮೆ ಬಂದರೆ, ಅರ್ಜಿ ತಿರಸ್ಕಾರವಾದರೆ

ತಿರಸ್ಕರಿಸುವ ಮೊದಲು ನಿಮ್ಮ ಮಾತು ಕೇಳಬೇಕು, ಕಾರಣವನ್ನು ಬರವಣಿಗೆಯಲ್ಲಿ ಕೊಡಬೇಕು. ‘ಆಗಲ್ಲ, ಹೋಗಿ’ ಎಂಬ ಬಾಯಿಮಾತು ತಿರಸ್ಕಾರವಲ್ಲ. ತೀರ್ಮಾನದ ದಿನದಿಂದ 90 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಮೇಲ್ಮನವಿ ಯಾರಿಗೆ ಎಂಬುದನ್ನು ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ತಿಳಿದುಕೊಳ್ಳಿ. ಮೇಲ್ಮನವಿ ಗೆಲ್ಲುವುದು ಹೊಸ ದಾಖಲೆಯಿಂದ. ಹೊಸ ಆಡಿಯೊಗ್ರಾಂ, ಬಿಟ್ಟುಹೋದ ಎರಡನೇ ತೊಂದರೆಯ ವರದಿ ಇಂಥವು ಬೇಕು. ಬಡತನದ ವಿವರ ಬರೆದರೆ ಅಧಿಕಾರಿಗೆ ಅನುಕಂಪ ಬರಬಹುದು, ಶೇಕಡಾ ಬದಲಾಗುವುದಿಲ್ಲ.

ಊರಲ್ಲಿ ಮೊದಲು ಯಾರನ್ನು ಕಾಣಬೇಕು?

ಕರ್ನಾಟಕದಲ್ಲಿ ಒಂದು ಒಳ್ಳೆಯ ವ್ಯವಸ್ಥೆ ಇದೆ, ಆದರೆ ಅದರ ಬಗ್ಗೆ ಎಷ್ಟೋ ಮನೆಗಳಿಗೆ ತಿಳಿದೇ ಇಲ್ಲ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಜನ ಕರೆಯುವುದು ವಿಆರ್‌ಡಬ್ಲ್ಯು ಎಂದು. ಇವರೂ ವಿಕಲಚೇತನರೇ. ಇದೇ ಬಗೆಯ ಕಾರ್ಯಕರ್ತರು ತಾಲ್ಲೂಕು ಮಟ್ಟದಲ್ಲಿ ಎಂಆರ್‌ಡಬ್ಲ್ಯು, ಪಟ್ಟಣಗಳಲ್ಲಿ ಯುಆರ್‌ಡಬ್ಲ್ಯು ಎಂಬ ಹೆಸರಿನಲ್ಲಿ ಇದ್ದಾರೆ. ಅರ್ಜಿ ತುಂಬಿಸುವುದು, ಬೋರ್ಡ್ ದಿನ ತಿಳಿಸುವುದು, ಪಂಚಾಯಿತಿಯ ವಿಕಲಚೇತನರ ಪಟ್ಟಿಯಲ್ಲಿ ಹೆಸರು ಸೇರಿಸುವುದು ಇವರ ಕೆಲಸ. ಪಂಚಾಯಿತಿ ಕಚೇರಿಯಲ್ಲಿ ಪಿಡಿಒ ಬಳಿ ಅವರ ನಂಬರ್ ಕೇಳಿ ಪಡೆಯಿರಿ.

ಹೆಸರು ಆ ಪಟ್ಟಿಯಲ್ಲಿ ಇರಲೇಬೇಕು. ಪಂಚಾಯಿತಿಗಳು, ನಗರ ಸಂಸ್ಥೆಗಳು ತಮ್ಮ ಅನುದಾನದಲ್ಲಿ ಶೇ 5ನ್ನು ವಿಕಲಚೇತನರಿಗಾಗಿ ಮೀಸಲಿಡಬೇಕು. ಗ್ರಾಮಸಭೆಯಲ್ಲಿ ‘ಈ ವರ್ಷ ಶೇ 5ರ ಬಾಬ್ತಿನಲ್ಲಿ ಎಷ್ಟು ಇತ್ತು, ಯಾವುದಕ್ಕೆ ಖರ್ಚಾಯಿತು’ ಎಂದು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ. ಶೌಚಾಲಯಕ್ಕೆ ಹಿಡಿಕೆ, ಮನೆ ಮುಂದೆ ರ‍್ಯಾಂಪ್‌ನಂಥ ಸಣ್ಣ ಕೆಲಸಗಳಿಗೂ ಈ ಬಾಬ್ತಿನಲ್ಲಿ ಬೇಡಿಕೆ ಇಡಬಹುದು.

ಮಾಸಾಶನಕ್ಕೆ ಅರ್ಜಿ ನಾಡಕಚೇರಿಯಲ್ಲಿ, ಮಂಜೂರಾತಿ ತಹಶೀಲ್ದಾರರದು. ಮೊತ್ತ ಶೇಕಡಾ ಮೇಲೆ ನಿಂತಿದೆ. 40ರ ಗೆರೆಯ ಮೇಲೆ 75ರಲ್ಲಿ ಇನ್ನೊಂದು ಮೆಟ್ಟಿಲಿದೆ. ಕುಟುಂಬದ ಆದಾಯದ ಮಿತಿಯೂ ಉಂಟು. ಹಣ ಬರದಿರುವುದಕ್ಕೆ ಮಾಮೂಲಿ ಕಾರಣ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗದಿರುವುದು, ಅಥವಾ ಜೋಡಣೆ ಇನ್ಯಾವುದೋ ಹಳೆಯ ಖಾತೆಗೆ ಆಗಿರುವುದು. ಹಣ ಹೋಗುವುದು ಕೊನೆಯದಾಗಿ ಜೋಡಿಸಿದ ಖಾತೆಗೆ. ಮರೆತುಹೋದ ಖಾತೆಯಲ್ಲಿ ಪಿಂಚಣಿ ಸದ್ದಿಲ್ಲದೆ ಸೇರುತ್ತಿರುವ ಸಾಧ್ಯತೆಯೂ ಇದೆ, ಮೊದಲು ಅದನ್ನು ನೋಡಿ.

ಕೆಎಸ್‌ಆರ್‌ಟಿಸಿಯ ರಿಯಾಯಿತಿ ಪಾಸಿಗೆ ಸೇವಾಸಿಂಧು ಮೂಲಕ ಅರ್ಜಿ. ವರ್ಷಕ್ಕೆ 660 ರೂಪಾಯಿ, ವಾಸಸ್ಥಳದಿಂದ 100 ಕಿಲೊಮೀಟರ್ ವ್ಯಾಪ್ತಿ. ರೈಲಿನ ಕಥೆ ಬೇರೆ. ಯುಡಿಐಡಿ ಇದ್ದವರಿಗೆಲ್ಲ ರೈಲು ರಿಯಾಯಿತಿ ಇಲ್ಲ. ದೃಷ್ಟಿ ಪೂರ್ತಿ ಇಲ್ಲದವರು, ಜತೆಗಾರರಿಲ್ಲದೆ ಪ್ರಯಾಣಿಸಲಾಗದ ಕೈಕಾಲಿನ ತೊಂದರೆಯವರು, ಜತೆಗಾರರು ಬೇಕಾದ ಬೌದ್ಧಿಕ ಅಂಗವೈಕಲ್ಯದವರು, ಮಾತೂ ಶ್ರವಣವೂ ಎರಡೂ ಇಲ್ಲದವರು ಈ ನಾಲ್ಕು ವರ್ಗಕ್ಕೆ ಮಾತ್ರ. ಅದಕ್ಕೆ ರೈಲ್ವೆಯ ಪ್ರತ್ಯೇಕ ಗುರುತಿನ ಚೀಟಿ ಮಾಡಿಸಬೇಕು. ಅದಿಲ್ಲದೆ ರಿಯಾಯಿತಿ ಟಿಕೆಟ್ ಮಾಡಿಸಿ ಹತ್ತಿದರೆ ಟಿಟಿಇ ದಂಡ ಹಾಕುವುದು ನಿಯಮದ ಪ್ರಕಾರವೇ.

ವೀಲ್‌ಚೇರ್, ತ್ರಿಚಕ್ರ ಸೈಕಲ್, ಶ್ರವಣಯಂತ್ರದಂಥ ಸಾಧನಗಳಿಗೆ ಕೇಂದ್ರದ ‘ಎಡಿಪ್’ ಯೋಜನೆ ಇದೆ. ಇಂಥ ಸಾಧನ ತಯಾರಿಸುವ ಕೇಂದ್ರ ಸರ್ಕಾರದ ಅಲಿಂಕೋ ಸಂಸ್ಥೆ ಅಳತೆ ಶಿಬಿರ ನಡೆಸಿ, ಆಮೇಲೆ ಸಾಧನ ಹಂಚುತ್ತದೆ. ಶಿಬಿರದಲ್ಲಿ ಅಳತೆ ಕೊಡದವರಿಗೆ ಹಂಚಿಕೆಯ ದಿನ ಏನೂ ಸಿಗದು. ವೀಲ್‌ಚೇರ್ ಎಂದರೆ ಯಾವುದೋ ಒಂದು ಕುರ್ಚಿಯಲ್ಲ. ಸೊಂಟದ ಅಗಲಕ್ಕಿಂತ ಬಹಳ ದೊಡ್ಡದಾದರೆ ಬೆನ್ನು ವಾಲುತ್ತದೆ, ಕೂತಲ್ಲೇ ಹುಣ್ಣಾಗುತ್ತದೆ. ಬೆಂಗಳೂರಿನಲ್ಲಿ 1959ರಿಂದ ಕೆಲಸ ಮಾಡುತ್ತಿರುವ ಎಪಿಡಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ) ಸಂಸ್ಥೆ ಈ ಬಗೆಯ ಪುನರ್ವಸತಿಗೆ, ಎನೇಬಲ್ ಇಂಡಿಯಾ ಉದ್ಯೋಗ ತರಬೇತಿಗೆ, ಸಮರ್ಥನಂ ಟ್ರಸ್ಟ್ ದೃಷ್ಟಿ ತೊಂದರೆಯ ಮಕ್ಕಳ ಶಿಕ್ಷಣಕ್ಕೆ, ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಸೆರೆಬ್ರಲ್ ಪಾಲ್ಸಿಯ (ಮೆದುಳಿನ ಹಾನಿಯಿಂದ ಕೈಕಾಲಿನ ಹಿಡಿತ ತಪ್ಪುವ ಸ್ಥಿತಿ) ಮಕ್ಕಳಿಗೆ ಹೆಸರಾದವು.

ಸಂಬಳದಾರರು ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡಿದ್ದರೆ ತಮ್ಮ ಅಥವಾ ಅವಲಂಬಿತರ ಅಂಗವೈಕಲ್ಯಕ್ಕೆ 75,000 ರೂಪಾಯಿ, ಶೇ 80 ಅಥವಾ ಅದಕ್ಕಿಂತ ಹೆಚ್ಚಿದ್ದರೆ 1,25,000 ರೂಪಾಯಿ ಆದಾಯದಿಂದ ಕಳೆಯಬಹುದು. ಖರ್ಚಿನ ಬಿಲ್ ಕೇಳುವುದಿಲ್ಲ.

ಶಾಲೆ ಮತ್ತು ಪರೀಕ್ಷೆ

‘ನಮ್ಮಲ್ಲಿ ವ್ಯವಸ್ಥೆ ಇಲ್ಲ’ ಎಂಬುದು ಪ್ರವೇಶ ನಿರಾಕರಣೆಗೆ ಕಾರಣವಾಗದು. ಸರ್ಕಾರದ ಅನುದಾನ ಪಡೆದ ಶಾಲೆಗಳು ಮಾತ್ರವಲ್ಲ, ಮಾನ್ಯತೆ ಪಡೆದ ಎಲ್ಲ ಶಾಲೆಗಳೂ ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕು ಎಂಬುದು ಕಾನೂನಿನ 16ನೇ ಕಲಂ. ಗೆರೆ ದಾಟಿದ ಅಂಗವೈಕಲ್ಯದ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಸಮೀಪದ ಶಾಲೆಯಲ್ಲಿ ಅಥವಾ ಬಯಸಿದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ. ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ 5 ಸೀಟು, ವಯೋಮಿತಿಯಲ್ಲಿ ಐದು ವರ್ಷ ಸಡಿಲಿಕೆ ಇದೆ.

ತಾಲ್ಲೂಕಿನ ಬಿಇಒ ಕಚೇರಿ ಅಥವಾ ಬಿಆರ್‌ಸಿಯಲ್ಲಿ (ಕ್ಷೇತ್ರ ಸಂಪನ್ಮೂಲ ಕೇಂದ್ರ) ಬಿಐಇಆರ್‌ಟಿ ಎಂಬ ವಿಶೇಷ ಸಂಪನ್ಮೂಲ ಶಿಕ್ಷಕರಿರುತ್ತಾರೆ. ಶಾಲೆಗೆ ಬರಲಾಗದ ಮಗುವಿಗೆ ಗೃಹಾಧಾರಿತ ಶಿಕ್ಷಣದ ವ್ಯವಸ್ಥೆಗೂ ಅವರೇ ಸಂಪರ್ಕ.

ಪರೀಕ್ಷೆಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಎಂಬುದು 2018ರ ಕೇಂದ್ರ ಮಾರ್ಗಸೂಚಿ. ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯ, ಬರಹಗಾರರು, ಭಾಷಾ ವಿನಾಯಿತಿ ಇವನ್ನೆಲ್ಲ ಪರೀಕ್ಷಾ ಅರ್ಜಿ ತುಂಬುವಾಗಲೇ ಮುಖ್ಯ ಶಿಕ್ಷಕರ ಮೂಲಕ ಕೇಳಬೇಕು. ಹಾಲ್ ಟಿಕೆಟ್ ಬಂದ ಮೇಲೆ ಓಡಾಡುವ ಪೋಷಕರು ಪ್ರತಿ ವರ್ಷ ಇದ್ದೇ ಇರುತ್ತಾರೆ. ಒಂಬತ್ತನೇ ತರಗತಿ ಮುಗಿಯುವ ಹೊತ್ತಿಗೆ ಪ್ರಮಾಣಪತ್ರ ಕೈಯಲ್ಲಿದ್ದರೆ ಆ ಓಡಾಟ ತಪ್ಪುತ್ತದೆ.

ಕೆಲಸದ ಜಾಗದಲ್ಲಿ

ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇ 4 ಮೀಸಲಾತಿ ಎಂಬುದು ಎಲ್ಲರಿಗೂ ಗೊತ್ತು. ಇದಕ್ಕಿಂತ ಕಡಿಮೆ ಜನಕ್ಕೆ ಗೊತ್ತಿರುವುದು 20ನೇ ಕಲಂ. ಸರ್ಕಾರಿ ನೌಕರರು ಸೇವೆಯಲ್ಲಿದ್ದಾಗ ಅಂಗವೈಕಲ್ಯಕ್ಕೆ ಒಳಗಾದರೆ ಅವರನ್ನು ತೆಗೆದುಹಾಕುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. ಆ ಕೆಲಸ ಮಾಡಲಾಗದಿದ್ದರೆ ಅದೇ ವೇತನದ ಬೇರೆ ಕೆಲಸ ಕೊಡಬೇಕು. ಅಂಥ ಹುದ್ದೆ ಸದ್ಯ ಇಲ್ಲದಿದ್ದರೆ ಹೆಚ್ಚುವರಿ ಹುದ್ದೆ ಸೃಷ್ಟಿಸಿ ಇರಿಸಿಕೊಳ್ಳಬೇಕು. ಪಾರ್ಶ್ವವಾಯುವಿನ ನಂತರ ‘ಸ್ವಯಂ ನಿವೃತ್ತಿ ತಗೊಂಡುಬಿಡಿ’ ಎಂಬ ಹಿತವಚನಕ್ಕೆ ಸಹಿ ಹಾಕುವ ಮೊದಲು ಈ ಕಲಂ ಓದಿ. ಖಾಸಗಿ ಸಂಸ್ಥೆಗಳಿಗೆ ಮೀಸಲಾತಿ ಇಲ್ಲವಾದರೂ ಸಮಾನ ಅವಕಾಶ ನೀತಿ ಪ್ರಕಟಿಸುವ ಹೊಣೆ ಇದೆ.

ಪತ್ರ ಬರೆಯುವ ಬಗೆ

ಪರವಾಗಿ ನಿಲ್ಲುವುದೆಂದರೆ ಮುಕ್ಕಾಲು ಪಾಲು ಪತ್ರ ಬರೆಯುವುದು. ಬರೆಯುವ ಮೊದಲು ಒಂದು ಕೆಲಸವಿದೆ: ಅಂಗವೈಕಲ್ಯ ಇರುವವರನ್ನೇ ಕೇಳಿ. ಇಪ್ಪತ್ತೈದು ವರ್ಷದ ಮಗನಿಗೆ ಏನು ಬೇಕೆಂದು ಅವನಿಗೆ ಗೊತ್ತಿರುತ್ತದೆ. ಅವನಿಗೆ ವೀಲ್‌ಚೇರ್‌ಗಿಂತ ಮೊದಲು ಬಾಗಿಲ ಹೊಸ್ತಿಲು ತೆಗೆಸಬೇಕಾಗಿರಬಹುದು.

ಪತ್ರದಲ್ಲಿ ಕಷ್ಟದ ವರ್ಣನೆ ಎರಡು ಸಾಲು, ಬೇಡಿಕೆ ನಿಖರ. ‘ನನ್ನ ಮಗಳಿಗೆ ಸಹಾಯ ಮಾಡಿ’ ಎಂದರೆ ಯಾರೂ ಏನೂ ಮಾಡಲಾರರು. ಹೀಗೆ ಬರೆದು ನೋಡಿ:

‘ನನ್ನ ಮಗಳು ತಮ್ಮ ಶಾಲೆಯ 7ನೇ ತರಗತಿಯಲ್ಲಿ ಓದುತ್ತಿದ್ದಾಳೆ. ಎರಡೂ ಕಿವಿಗೆ ಶ್ರವಣಯಂತ್ರ ಬಳಸುತ್ತಾಳೆ. ಶಿಕ್ಷಕರ ತುಟಿ ಕಾಣಿಸಿದರೆ ಮಾತ್ರ ಪಾಠ ಪೂರ್ತಿ ತಿಳಿಯುತ್ತದೆ. ಆದ್ದರಿಂದ ಮೊದಲ ಸಾಲಿನಲ್ಲಿ, ಶಿಕ್ಷಕರ ಮುಖದ ಮೇಲೆ ಬೆಳಕು ಬೀಳುವ ಕಡೆ ಜಾಗ ಕೊಡಬೇಕು. ಉಕ್ತಲೇಖನದ ಬದಲು ಬರಹದ ಪ್ರಶ್ನೆ ಕೊಡಬೇಕು. ಮೌಖಿಕವಾಗಿ ಹೇಳುವ ಸೂಚನೆಗಳನ್ನು ಡೈರಿಯಲ್ಲಿ ಬರೆಸಬೇಕು. ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ 16ನೇ ಕಲಂ ಅನ್ವಯ ಇದನ್ನು ಸಮಂಜಸ ಹೊಂದಾಣಿಕೆಯಾಗಿ ಕೋರುತ್ತೇನೆ. 15 ದಿನಗಳೊಳಗೆ ಲಿಖಿತ ಉತ್ತರ ನೀಡಬೇಕಾಗಿ ವಿನಂತಿ.’

ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸ್ವೀಕೃತಿಯ ಮೊಹರು, ದಿನಾಂಕ, ಸಹಿ ಹಾಕಿಸಿಕೊಳ್ಳಿ. ಮೊಹರು ಹಾಕಲು ಹಿಂದೆಮುಂದೆ ನೋಡಿದರೆ ಅಂಚೆಯಲ್ಲಿ ಸ್ವೀಕೃತಿ ಬರುವಂತೆ ಕಳಿಸಿ. ಎಲ್ಲವನ್ನೂ ದಿನಾಂಕದ ಪ್ರಕಾರ ಒಂದೇ ಫೈಲಿನಲ್ಲಿ ಇಡಿ. ಮುಂದೆ ದೂರು ಕೊಡಬೇಕಾದರೆ ಈ ಫೈಲೇ ಅರ್ಧ ಕೆಲಸ ಮುಗಿಸಿರುತ್ತದೆ.

ಉತ್ತರ ಬರದಿದ್ದರೆ

ಸರ್ಕಾರಿ ಕಚೇರಿಯಾದರೆ ಅಲ್ಲಿ ಕುಂದುಕೊರತೆ ನಿವಾರಣಾಧಿಕಾರಿ ಇರಬೇಕು. ಉದ್ಯೋಗ ಸಂಬಂಧಿ ದೂರು ದಾಖಲಾದ ಎರಡು ವಾರದೊಳಗೆ ಅವರು ವಿಚಾರಣೆ ಮಾಡಬೇಕು. ಅರ್ಜಿ ಎಲ್ಲಿ ಕೂತಿದೆ ಎಂದು ತಿಳಿಯಲು ಮಾಹಿತಿ ಹಕ್ಕು ಅರ್ಜಿ ಒಳ್ಳೆಯ ಅಸ್ತ್ರ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ‘ಏಕೆ ತಡ ಮಾಡಿದಿರಿ’ ಎಂದು ಕೇಳಬೇಡಿ, ಅದಕ್ಕೆ ಉತ್ತರ ಕೊಡುವ ಹಂಗಿಲ್ಲ. ‘ನನ್ನ ಅರ್ಜಿ ಯಾವ ದಿನ ಯಾವ ಅಧಿಕಾರಿಯ ಬಳಿ ಇತ್ತು, ಕಡತದ ಟಿಪ್ಪಣಿಯ ಪ್ರತಿ ಕೊಡಿ’ ಎಂದು ಕೇಳಿ. ಸಾಮಾನ್ಯ ದೂರುಗಳಿಗೆ ರಾಜ್ಯ ಸರ್ಕಾರದ ಜನಸ್ಪಂದನ ಸಹಾಯವಾಣಿ 1902 ಇದೆ.

ಇದಕ್ಕೂ ಬಗ್ಗದಿದ್ದರೆ ಬೆಂಗಳೂರಿನಲ್ಲಿರುವ ವಿಕಲಚೇತನರ ರಾಜ್ಯ ಆಯುಕ್ತರು. ಶುಲ್ಕವಿಲ್ಲ, ವಕೀಲರು ಬೇಕೇ ಬೇಕೆಂದಿಲ್ಲ. ಸಾಕ್ಷಿಗಳನ್ನು ಕರೆಸಲು, ದಾಖಲೆ ತರಿಸಲು ಅವರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಅವರ ಶಿಫಾರಸು ತಲುಪಿದ ಮೂರು ತಿಂಗಳೊಳಗೆ ಸಂಬಂಧಿಸಿದ ಇಲಾಖೆ ಕೈಗೊಂಡ ಕ್ರಮ ತಿಳಿಸಬೇಕು, ಒಪ್ಪದಿದ್ದರೆ ಕಾರಣ ಕೊಡಬೇಕು. ಆದರೆ ರೈಲ್ವೆ, ಅಂಚೆ, ಕೇಂದ್ರದ ಬ್ಯಾಂಕು, ಕೇಂದ್ರ ವಿಶ್ವವಿದ್ಯಾಲಯಗಳ ವಿರುದ್ಧದ ದೂರು ದೆಹಲಿಯ ಮುಖ್ಯ ಆಯುಕ್ತರಿಗೆ. ತಪ್ಪು ಬಾಗಿಲು ತಟ್ಟಿ ತಿಂಗಳುಗಳನ್ನು ಕಳೆದುಕೊಳ್ಳುವವರು ಬಹಳ.

ಸಾರ್ವಜನಿಕವಾಗಿ ಅವಮಾನಿಸಿದರೆ, ಹಲ್ಲೆ ಮಾಡಿದರೆ ಅದು 92ನೇ ಕಲಂನ ಅಪರಾಧ. ಆರು ತಿಂಗಳಿಂದ ಐದು ವರ್ಷದವರೆಗೆ ಶಿಕ್ಷೆ, ಜತೆಗೆ ದಂಡ. ಇದಕ್ಕೆ ಪೊಲೀಸ್ ಠಾಣೆ. ಮನೆಯೊಳಗಿನ ದೌರ್ಜನ್ಯವಾದರೆ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್ ಆಗಿರುವ ತಹಶೀಲ್ದಾರರಿಗೂ ತಿಳಿಸಬಹುದು. ವಕೀಲರು ಬೇಕಾದಲ್ಲಿ ಕಾನೂನು ಸೇವಾ ಪ್ರಾಧಿಕಾರದ ಉಚಿತ ನೆರವು ವಿಕಲಚೇತನರಿಗೆ ಆದಾಯ ನೋಡದೆ ಸಿಗುತ್ತದೆ. ಸಹಾಯವಾಣಿ 15100. ಮಾನಸಿಕ ಆರೋಗ್ಯದ ಸಲಹೆಗೆ ಟೆಲಿಮನಸ್ 14416, ಕನ್ನಡದಲ್ಲೂ ಮಾತಾಡುತ್ತಾರೆ.

ಮಗುವಿಗೆ 18 ತುಂಬಿದ ಮೇಲೆ

ಬೌದ್ಧಿಕ ಅಂಗವೈಕಲ್ಯದ ಮಗು ಎಷ್ಟೇ ಅವಲಂಬಿತನಾಗಿರಲಿ, 18 ತುಂಬಿದ ದಿನ ತಂದೆತಾಯಿಗೆ ಅವನ ಪರವಾಗಿ ಸಹಿ ಹಾಕುವ ಅಧಿಕಾರ ತಾನಾಗಿಯೇ ಮುಗಿಯುತ್ತದೆ. ಇದು ಗೊತ್ತಾಗುವುದು ಸಾಮಾನ್ಯವಾಗಿ ಬ್ಯಾಂಕಿನಲ್ಲಿ, ಇಲ್ಲವೇ ಅಜ್ಜನ ಆಸ್ತಿ ಭಾಗವಾಗುವಾಗ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ ಈ ನಾಲ್ಕಕ್ಕೆ 1999ರ ನ್ಯಾಷನಲ್ ಟ್ರಸ್ಟ್ ಕಾನೂನಿನಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿ ಕಾನೂನುಬದ್ಧ ಪಾಲಕರನ್ನು ನೇಮಿಸುತ್ತದೆ. ಕೋರ್ಟಿಗೆ ಹೋಗಬೇಕಿಲ್ಲ. ಮಾನಸಿಕ ಕಾಯಿಲೆ ಈ ಪಟ್ಟಿಯಲ್ಲಿ ಬರುವುದಿಲ್ಲ. ಅಂಥವರಿಗೆ 2016ರ ಕಾನೂನಿನ ಸೀಮಿತ ಪಾಲಕತ್ವ ಇದೆ. ಅಂದರೆ ಒಂದು ನಿರ್ದಿಷ್ಟ ತೀರ್ಮಾನಕ್ಕೆ, ಒಂದು ನಿರ್ದಿಷ್ಟ ಅವಧಿಗೆ, ಅವರ ಇಚ್ಛೆಯಂತೆ ಜತೆಗೂಡಿ ತೀರ್ಮಾನಿಸುವ ವ್ಯವಸ್ಥೆ.

ಇದೇ ನಾಲ್ಕು ಬಗೆಗೆ ‘ನಿರಾಮಯ’ ಆರೋಗ್ಯ ವಿಮೆ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಮುಂಚಿತ ವೈದ್ಯಕೀಯ ತಪಾಸಣೆ ಇಲ್ಲ. ಬೇರೆ ವಿಮೆಗಳು ಕೈಚೆಲ್ಲುವ ಥೆರಪಿ ಮತ್ತು ಹೊರರೋಗಿ ಖರ್ಚನ್ನೂ ಅದು ಮಿತಿಯೊಳಗೆ ಭರಿಸುತ್ತದೆ. ಅವಧಿ ಏಪ್ರಿಲ್ 1ರಿಂದ ಮಾರ್ಚ್ 31. ನವೀಕರಣ ಮರೆತರೆ ಆ ವರ್ಷದ ಥೆರಪಿ ಬಿಲ್ಲುಗಳೆಲ್ಲ ವ್ಯರ್ಥ.

ಪಾಲಕತ್ವದ ಆದೇಶ ಸಿಕ್ಕವರು ಮರೆಯುವ ಒಂದು ಸಂಗತಿ ಇದೆ. ನೇಮಕವಾದ ಆರು ತಿಂಗಳೊಳಗೆ ಆ ವ್ಯಕ್ತಿಯ ಸ್ಥಿರಾಸ್ತಿ, ಹಣ, ಸಾಲದ ಪಟ್ಟಿಯನ್ನು ನೇಮಿಸಿದ ಸಮಿತಿಗೆ ಸಲ್ಲಿಸಬೇಕು. ಆಮೇಲೆ ಪ್ರತಿ ವರ್ಷ ಮಾರ್ಚ್ ಮುಗಿದ ಮೂರು ತಿಂಗಳೊಳಗೆ, ಅಂದರೆ ಜೂನ್ 30ರೊಳಗೆ, ಲೆಕ್ಕಪತ್ರ ಕೊಡಬೇಕು. ಪಾಸ್‌ಬುಕ್‌ನ ಪ್ರತಿ, ಬಾಡಿಗೆ ಬರುತ್ತಿದ್ದರೆ ಅದರ ರಸೀದಿ, ಚಿಕಿತ್ಸೆಯ ಬಿಲ್ಲು ಇಷ್ಟನ್ನು ತಿಂಗಳಿಗೊಮ್ಮೆ ಒಂದು ಲಕೋಟೆಗೆ ಹಾಕಿಡುತ್ತ ಬಂದರೆ ಜೂನ್‌ನಲ್ಲಿ ಹುಡುಕಾಡಬೇಕಾಗಿಲ್ಲ.